ಗುಡ್ಡದ ಹುಳಿ, ಹೊಲದ ಸುಣ್ಣ: ಕಪ್ಪತಗುಡ್ಡದ ಸಸ್ಯಗಳ ಲೆಕ್ಕ ಮಣ್ಣಿನಿಂದ ಶುರುವಾಗಲಿ

ಗದಗ–ಮುಂಡರಗಿ ಕಡೆಯ ಎರೆ ಹೊಲದಲ್ಲಿ ರಂಟೆ ಹೊಡೆದಾಗ ಕಪ್ಪು ಹೆಂಟೆಗಳ ಜೊತೆ ಸಣ್ಣ ಬಿಳಿ ಹರಳುಗಳು ಮೇಲೆ ಬರುತ್ತವೆ. ಒಂದನ್ನು ಅಂಗೈಯಲ್ಲಿಟ್ಟು ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಬುಸುಬುಸು ನೊರೆ ಏಳುತ್ತದೆ. ಅದು ಸುಣ್ಣ. ಉಳಿದ ಹೋಳನ್ನು ಜೇಬಿನಲ್ಲಿಟ್ಟುಕೊಂಡು ಕಪ್ಪತಗುಡ್ಡದ ನೆತ್ತಿ ಹತ್ತಿ, ಅಲ್ಲಿಯ ಗರಚು ಕೂಡಿದ ಕೆಂಪು ಮಣ್ಣಿನ ಮೇಲೆ ಹಿಂಡಿದರೆ ನೊರೆಯೂ ಇಲ್ಲ, ಗುಳ್ಳೆಯೂ ಇಲ್ಲ. ಮಣ್ಣು ರಸವನ್ನು ಸುಮ್ಮನೆ ಕುಡಿದುಬಿಡುತ್ತದೆ.

ಬುಡದಿಂದ ನೆತ್ತಿಗೆ ಒಂದೆರಡು ಗಂಟೆಯ ನಡಿಗೆ. ಅಷ್ಟರೊಳಗೆ ನೆಲದ ಸ್ವಭಾವವೇ ಬದಲಾಗಿರುತ್ತದೆ, ಅದರ ಜೊತೆಗೆ ಗಿಡಗಳೂ ಬದಲಾಗಿರುತ್ತವೆ. ಎರೆಯ ಬದುವಿನಲ್ಲಿ ಕರಿಜಾಲಿ, ಬೇವು, ಬನ್ನಿ. ಮೇಲೆ ಹೋದಂತೆ ತುಗ್ಗಲಿ, ದಿಂಡಿಲು, ಬೆಟ್ಟದ ನೆಲ್ಲಿ, ಬಂಡೆಗಳ ಸಂದಿಯಲ್ಲಿ ಬಂದರಿಕೆ, ಅದರ ನಡುವೆ ಘಮಘಮಿಸುವ ಬಾದೆ ಹುಲ್ಲು. ಈ ಗುಡ್ಡವನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಹೆಮ್ಮೆಯಿಂದ ಕರೆಯುತ್ತೇವೆ, ಔಷಧಿ ಸಸ್ಯಗಳ ಕಣಜ ಎನ್ನುತ್ತೇವೆ. ಆ ಕಣಜ ಎಂಥ ಮಣ್ಣಿನ ಮೇಲೆ ನಿಂತಿದೆ ಎಂಬುದು ಮಾತ್ರ ನಮ್ಮ ಸಭೆಗಳಲ್ಲಿ, ಹೋರಾಟದ ಕರಪತ್ರಗಳಲ್ಲಿ, ಸಸಿ ನೆಡುವ ಕಾರ್ಯಕ್ರಮಗಳಲ್ಲಿ ಚರ್ಚೆಗೆ ಬರುವುದೇ ಅಪರೂಪ. ಈ ಲೇಖನ ಆ ಕೊರತೆಯ ಬಗ್ಗೆ.

ಮೊದಲು ಅಳತೆಯ ವಿಷಯ. ಮಣ್ಣಿನ ಹುಳಿ ಅಥವಾ ಕ್ಷಾರದ ಮಟ್ಟಕ್ಕೆ ಕೃಷಿ ಇಲಾಖೆಯವರು ರಸಸಾರ ಎನ್ನುತ್ತಾರೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ ಎಂದು ಬರೆದಿರುವುದು ಇದನ್ನೇ. 7 ಎಂದರೆ ಸಮ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ ಸೋರೆನ್ಸನ್ ಎಂಬ ರಸಾಯನ ವಿಜ್ಞಾನಿ, ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತ ಈ ಮಾಪನವನ್ನು ರೂಪಿಸಿದರು. ಇದರಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಎರಡು ಇಳಿದರೆ ನೂರು ಪಟ್ಟು. ಆದ್ದರಿಂದ 7 ಮತ್ತು 5ರ ನಡುವಿನ ಅಂತರವನ್ನು ‘ಎರಡೇ ತಾನೆ’ ಎಂದು ಕಡೆಗಣಿಸುವ ಹಾಗಿಲ್ಲ.

ಮಣ್ಣು ಹುಳಿಯಾಗುವುದು ಮುಖ್ಯವಾಗಿ ಮಳೆಯಿಂದ. ಗಾಳಿಯಲ್ಲಿರುವ ಮತ್ತು ಬೇರುಗಳು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ತೆಳುವಾದ ಆಮ್ಲವಾಗುತ್ತದೆ. ಆ ನೀರು ಮಣ್ಣಿನೊಳಗೆ ಇಳಿಯುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ. ಮಳೆ ಹೆಚ್ಚಾದಷ್ಟೂ ತೊಳೆತ ಹೆಚ್ಚು. ಅದಕ್ಕೇ ಪಶ್ಚಿಮ ಘಟ್ಟದ ಜಂಬಿಟ್ಟಿಗೆ ನೆಲ, ಶೋಲಾ ಕಾಡಿನ ನೆಲ ಹುಳಿ. ಗದಗದಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಬಿದ್ದ ನೀರಿಗಿಂತ ಆವಿಯಾಗಿ ಹೋಗುವ ಶಕ್ತಿಯೇ ಇಲ್ಲಿ ದೊಡ್ಡದು. ಸುಣ್ಣ ಕೆಳಗೆ ಹರಿದುಹೋಗದೆ ಮಣ್ಣಿನಲ್ಲೇ ಹೆಪ್ಪುಗಟ್ಟಿ ಆ ಬಿಳಿ ಹರಳಾಗುತ್ತದೆ.

ಈ ವಿಷಯದಲ್ಲಿ ಧಾರವಾಡದವರಿಗೆ ಕಣ್ಣೆದುರೇ ಪಾಠವಿದೆ. ಊರಿನಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿಯ ಕಡೆ ಹೊರಟರೆ ಭತ್ತದ ಗದ್ದೆ, ಕೆಂಪು ನೆಲ, ತೇಗದ ಕಾಡು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಹೊರಟರೆ ಕಣ್ಣು ಹಾಯುವವರೆಗೂ ಎರೆ, ಹತ್ತಿ, ಕಡಲೆ, ಬಿಳಿಜೋಳ. ಹಾವೇರಿ ಜಿಲ್ಲೆಯಲ್ಲೂ ಹಾನಗಲ್ಲಿನ ಅರೆಮಲೆನಾಡಿಗೂ ರಾಣೆಬೆನ್ನೂರಿನ ಒಣ ಬಯಲಿಗೂ ಇಂಥದೇ ಅಂತರ. ಹುಳಿ ಮಣ್ಣಿನಿಂದ ಕ್ಷಾರ ಮಣ್ಣಿಗೆ ದಾಟುವ ಗಡಿಯ ಮೇಲೆಯೇ ನಾವು ಬದುಕುತ್ತಿದ್ದೇವೆ.

ಕಪ್ಪತಗುಡ್ಡದಲ್ಲಿ ಈ ಗಡಿ ಅಡ್ಡಡ್ಡ ಹಬ್ಬಿಲ್ಲ, ಬುಡದಿಂದ ನೆತ್ತಿಗೆ ಏರುತ್ತದೆ. ನೆತ್ತಿ ಮತ್ತು ಇಳಿಜಾರಿನ ತೆಳು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಅದು ಕರಗಿಸಿ ತಂದ ಕ್ಯಾಲ್ಸಿಯಂ ಎಲ್ಲ ಬುಡದಲ್ಲಿ ಬಂದು ಕೂಡುತ್ತದೆ. ಮೇಲಿನದು ಕಳೆದುಕೊಳ್ಳುವ ನೆಲ, ಕೆಳಗಿನದು ಪಡೆದುಕೊಳ್ಳುವ ನೆಲ. ಇದರ ಮೇಲೆ ಕಲ್ಲಿನ ಪ್ರಭಾವ. ಈ ಗುಡ್ಡಸಾಲು ಗದಗ ಶಿಸ್ಟ್ ಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಬಹು ಪ್ರಾಚೀನ ಶಿಲೆಗಳ ಭಾಗ. ಕಬ್ಬಿಣ, ಮ್ಯಾಂಗನೀಸ್, ಚಿನ್ನ ಎಲ್ಲವೂ ಇದರ ಹೊಟ್ಟೆಯಲ್ಲಿವೆ. ಜ್ವಾಲಾಮುಖಿಯಿಂದ ಹುಟ್ಟಿದ ಹಸಿರುಛಾಯೆಯ ಕಲ್ಲು ಸವೆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಮಣ್ಣು. ಬಿಳಿ ಬೆಣಚುಕಲ್ಲು ಸವೆದರೆ ಕೊಡಲು ಅದರಲ್ಲಿ ಏನೂ ಇಲ್ಲ, ಬರೀ ಮರಳು. ಒಂದೇ ಇಳಿಜಾರಿನಲ್ಲಿ ಈ ಕಲ್ಲುಗಳು ಪಟ್ಟೆಪಟ್ಟೆಯಾಗಿ ಬಂದುಹೋಗುತ್ತವೆ. ಮಣ್ಣೂ ಹಾಗೆಯೇ ತುಂಡುತುಂಡು.

ಇನ್ನು ಗಿಡಗಳ ಮಾತು. ರಸಸಾರ 5.5ಕ್ಕಿಂತ ಕೆಳಗೆ ಇಳಿದರೆ ಜೇಡಿಯೊಳಗೆ ಬಂದಿಯಾಗಿದ್ದ ಅಲ್ಯುಮಿನಿಯಂ ಕರಗಿ ಹೊರಬರತೊಡಗುತ್ತದೆ. ಅದು ತಗುಲುವುದು ಬೇರಿನ ತುದಿಗೆ, ಅಂದರೆ ಗಿಡದ ಬಾಯಿಗೆ. ಬೇರು ಮೊಂಡಾಗುತ್ತದೆ, ಕವಲೊಡೆಯುವುದಿಲ್ಲ. ರಂಜಕ ಕಬ್ಬಿಣ ಮತ್ತು ಅಲ್ಯುಮಿನಿಯಂಗಳಿಗೆ ಅಂಟಿಕೊಂಡು ಗಿಡಕ್ಕೆ ಸಿಗದಂತಾಗುತ್ತದೆ. ಬೇರೆ ತುದಿಗೆ ಹೋಗಿ ರಸಸಾರ 8 ದಾಟಿದರೆ ಕಬ್ಬಿಣ ಮತ್ತು ಸತು ಮಣ್ಣಿನಲ್ಲಿದ್ದರೂ ಬೇರಿಗೆ ಎಟುಕುವುದಿಲ್ಲ. ಸುಣ್ಣ ಹೆಚ್ಚಿರುವ ಹೊಲದಲ್ಲಿ ಶೇಂಗಾದ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದದ್ದನ್ನು ನಮ್ಮ ರೈತರು ನೋಡಿಯೇ ಇರುತ್ತಾರೆ. ಎರಡು ಕಡೆಯೂ ಉಪವಾಸ, ಕಾರಣ ಮಾತ್ರ ಬೇರೆ.

ಆದರೂ ಎರಡೂ ಕಡೆ ಬದುಕಲು ಕಲಿತ ಗಿಡಗಳಿವೆ. ಮಲೆನಾಡಿನ ರಸ್ತೆ ಬದಿಯಲ್ಲಿ ನೇರಳೆ ಹೂ ಬಿಡುವ ನೆಕ್ಕರಿಕ ಅಲ್ಯುಮಿನಿಯಂ ಅನ್ನು ತನ್ನ ಎಲೆಯಲ್ಲೇ ಕೂಡಿಟ್ಟುಕೊಂಡು ನೆಮ್ಮದಿಯಾಗಿರುತ್ತದೆ. ಚಹಾ ಗಿಡವೂ ಅದೇ ಬಗೆಯ ಗಟ್ಟಿಗ. ಈ ಕಡೆ ಕರಿಜಾಲಿ ಚೌಳು ನೆಲದಲ್ಲೂ ಬೇರೂರುತ್ತದೆ. ನೆಕ್ಕರಿಕವನ್ನು ನವಲಗುಂದದ ಎರೆಯಲ್ಲಿ ಹುಡುಕಿದರೆ ಎಲ್ಲಿ ಸಿಕ್ಕೀತು?

ಹಾಗಾದರೆ ಹುಳಿ ಕಡಿಮೆಯಾದಷ್ಟೂ ಸಸ್ಯವೈವಿಧ್ಯ ಹೆಚ್ಚು ಎನ್ನಬಹುದೆ? ಯುರೋಪಿನ ಬೆಟ್ಟಗಾಡುಗಳನ್ನು ನೋಡಿದವರು ಬಹುಕಾಲ ಹೀಗೆಯೇ ಹೇಳುತ್ತಿದ್ದರು. ಅಲ್ಲಿ ಸುಣ್ಣಕಲ್ಲಿನ ಇಳಿಜಾರಿನಲ್ಲಿ ನೆಲಮಟ್ಟದ ಗಿಡಮೂಲಿಕೆಗಳ ಸಂಖ್ಯೆ ದೊಡ್ಡದು, ಹುಳಿ ಮಣ್ಣಿನ ಇಳಿಜಾರಿನಲ್ಲಿ ಚಿಕ್ಕದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾದ ಪಾರ್ಕ್ ಗ್ರಾಸ್ ಎಂಬ ಹುಲ್ಲುಗಾವಲಿನ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಲ್ಲಿ ವರ್ಷವರ್ಷವೂ ಅಮೋನಿಯಂ ಸಲ್ಫೇಟ್ ಹಾಕಿ, ಸುಣ್ಣ ಕೊಡದೆ ಬಿಟ್ಟ ತುಂಡುಗಳು ಎಷ್ಟು ಹುಳಿಯಾದವೆಂದರೆ ಬೆರಳೆಣಿಕೆಯ ಜಾತಿಗಳು ಮಾತ್ರ ಉಳಿದವು. ಪಕ್ಕದಲ್ಲೇ ಏನನ್ನೂ ಹಾಕದೆ ಬಿಟ್ಟ ತುಂಡಿನಲ್ಲಿ ಹತ್ತಾರು ಜಾತಿಗಳು ಈಗಲೂ ಇವೆ.

ಆದರೆ ಇದನ್ನೇ ನಿಯಮವೆಂದು ನಮ್ಮ ಕಾಡಿಗೆ ತಂದು ಅಂಟಿಸಿದರೆ ತಪ್ಪುತ್ತೇವೆ. 2002ರಲ್ಲಿ ಎಸ್ಟೋನಿಯಾದ ಸಸ್ಯವಿಜ್ಞಾನಿ ಮೀಲಿಸ್ ಪಾರ್ಟೆಲ್ ಜಗತ್ತಿನ ಹಲವು ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಧ್ರುವದ ಕಡೆಗಿನ ತಂಪು ನಾಡುಗಳಲ್ಲಿ ರಸಸಾರ ಏರಿದಂತೆ ಜಾತಿಗಳು ಏರುತ್ತವೆ. ಸಮಭಾಜಕದ ಕಡೆಗೆ ಬಂದಂತೆ ಸಂಬಂಧ ತಿರುಗಿ, ಹುಳಿ ಮಣ್ಣಿನಲ್ಲೇ ಜಾತಿಗಳು ಹೆಚ್ಚು ಕಾಣಿಸಿಕೊಳ್ಳುತ್ತವೆ. ಅವರು ಕೊಟ್ಟ ವಿವರಣೆ ನನಗೆ ಬಹಳ ಒಪ್ಪಿಗೆಯಾದದ್ದು: ಒಂದು ಪ್ರದೇಶದ ಗಿಡಗಳು ಯುಗಯುಗಗಳ ಕಾಲ ಯಾವ ಮಣ್ಣಿನಲ್ಲಿ ವಿಕಾಸಗೊಂಡವೋ, ಆ ಬಗೆಯ ಮಣ್ಣಿಗೆ ಒಗ್ಗಿದ ಜಾತಿಗಳ ದಾಸ್ತಾನು ಅಲ್ಲಿ ದೊಡ್ಡದಾಗಿರುತ್ತದೆ. ಮಳೆಯಲ್ಲಿ ತೊಯ್ದು ತೊಯ್ದು ಹುಳಿಯಾದ ಉಷ್ಣವಲಯದ ನೆಲದಲ್ಲಿ ಹುಟ್ಟಿ ಬೆಳೆದ ಗಿಡಗಳಿಗೆ ಹುಳಿಯೇ ತವರು. ಘಟ್ಟದ ಹುಳಿ ನೆಲದ ಮೇಲೆ ಅಷ್ಟೊಂದು ಜಾತಿಗಳು ಒತ್ತೊತ್ತಾಗಿ ಬದುಕುವುದನ್ನು ಹೀಗಲ್ಲದೆ ಬೇರೆ ಹೇಗೆ ಅರ್ಥಮಾಡಿಕೊಳ್ಳುವುದು?

ಇನ್ನೂ ಒಂದು ಎಚ್ಚರಿಕೆ ಬೇಕು. ಬೆಟ್ಟ ಏರಿದಂತೆ ಮಣ್ಣು ಮಾತ್ರ ಬದಲಾಗುವುದಿಲ್ಲ. ತಂಪು, ಮಂಜು, ಗಾಳಿ, ಮಣ್ಣಿನ ಆಳ ಎಲ್ಲವೂ ಬದಲಾಗುತ್ತವೆ. ಜಾತಿಗಳ ಏರಿಳಿತವನ್ನು ಪೂರ್ತಿ ಹುಳಿಯ ತಲೆಗೆ ಕಟ್ಟುವಂತಿಲ್ಲ. ಆಳಕ್ಕೆ ಬೇರಿಳಿಸಿದ ಮರಗಳಿಗಿಂತ ಮೇಲ್ಪದರದಲ್ಲೇ ಬದುಕುವ ಮೂಲಿಕೆ, ಹುಲ್ಲು, ಸಣ್ಣ ಬಳ್ಳಿಗಳು ರಸಸಾರದ ಏರುಪೇರಿಗೆ ಹೆಚ್ಚು ಸೂಕ್ಷ್ಮ. ಕಪ್ಪತಗುಡ್ಡದ ಮಟ್ಟಿಗೆ ಇದು ತುಂಬ ಮುಖ್ಯ. ಈ ಗುಡ್ಡದ ಸಂಪತ್ತು ಆಕಾಶ ಮುಟ್ಟುವ ಮರಗಳಲ್ಲಿಲ್ಲ. ಮಂಡಿಯ ಎತ್ತರಕ್ಕೂ ಬಾರದ ಮೂಲಿಕೆಗಳಲ್ಲಿ, ಮಧುನಾಶಿನಿಯಂಥ ಬಳ್ಳಿಗಳಲ್ಲಿ, ಹುಲ್ಲಿನಲ್ಲಿ ಇದೆ. ಮಣ್ಣು ಕೆಟ್ಟರೆ ಮೊದಲು ಕಾಣೆಯಾಗುವವರು ಇವರೇ. ಮರ ಎಣಿಸುವವರ ಲೆಕ್ಕದಲ್ಲಿ ಆ ನಷ್ಟ ಕಾಣುವುದೂ ಇಲ್ಲ.

ಗುಡ್ಡದ ಇಳಿಜಾರಿನಲ್ಲಿ ಹುತ್ತದ ಪಕ್ಕ ಒಂದು ಕ್ಷಣ ನಿಂತರೆ ಈ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗೆದ್ದಲು ಆಳದ ಜೇಡಿಯನ್ನು ತುತ್ತುತುತ್ತಾಗಿ ಮೇಲೆ ತಂದು, ಎಂಜಲಿನಲ್ಲಿ ಕಲಸಿ ಗೋಡೆ ಕಟ್ಟುತ್ತದೆ. ಒಣಗಿದ ಎಲೆ, ಕಡ್ಡಿಯನ್ನೆಲ್ಲ ಸುತ್ತಲಿನಿಂದ ಒಳಗೆ ಸಾಗಿಸುತ್ತದೆ. ಹೀಗೆ ಕ್ಯಾಲ್ಸಿಯಂ ಮುಂತಾದವು ಒಂದೆಡೆ ಸೇರಿ, ಹುತ್ತದ ಮಣ್ಣಿನ ಹುಳಿ ಸುತ್ತಲಿನ ಕೆಂಪು ನೆಲಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ನಾಗರಪಂಚಮಿಗೆ ಹಾಲೆರೆಯುವ ಆ ಹುತ್ತ, ಸಪ್ಪೆ ನೆಲದ ನಡುವೆ ನಾಲ್ಕು ಮಾರು ಅಗಲದ ಸಿರಿವಂತ ತುಣುಕು. ಅದರ ಸುತ್ತ ಹುಟ್ಟುವ ಗಿಡ, ಹುಲ್ಲು ಬೇರೆಯಾಗಿರುವುದನ್ನು ದನ ಕಾಯುವವರು ಬಲ್ಲರು. ಬೆಣಚುಕಲ್ಲಿನ ನೆತ್ತಿ, ಹಸಿರುಕಲ್ಲಿನ ಪಕ್ಕೆ, ಹುತ್ತದ ಬುಡ, ಹಳ್ಳದ ದಂಡೆಯ ಮೆಕ್ಕಲು, ಕೊನೆಗೆ ಸುಣ್ಣದ ಎರೆ. ಈ ಗುಡ್ಡದ ವೈವಿಧ್ಯವನ್ನು ಕಟ್ಟಿರುವುದು ಇಂಥ ತುಣುಕುಗಳ ಕೌದಿ. ಯಾವುದೋ ಒಂದು ‘ಒಳ್ಳೆಯ’ ರಸಸಾರ ಹುಡುಕಿ ಗುಡ್ಡಕ್ಕೆಲ್ಲ ಅದನ್ನೇ ಹರಡಿದರೆ ಕೌದಿ ಹೋಗಿ ಕಂಬಳಿಯಾಗುತ್ತದೆ.

ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಈ ಕೌದಿಯನ್ನು ಹರಿಯುವ ಕೆಲಸಗಳು. ಕೆಲವು ಕೆಟ್ಟ ಉದ್ದೇಶದವು, ಕೆಲವು ಒಳ್ಳೆಯ ಉದ್ದೇಶದವು.

ಪ್ರತಿ ಬೇಸಿಗೆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಹುಲ್ಲು ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಗೆ ಆಧಾರ ಇಲ್ಲದಿಲ್ಲ. ಬೂದಿ ಕ್ಷಾರ, ಅದರಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇದೆ. ಹಿತ್ತಲಿನ ಬದನೆ ಗಿಡದ ಬುಡಕ್ಕೆ ಒಲೆಯ ಬೂದಿ ಹಾಕುವುದೂ ಇದೇ ಕಾರಣಕ್ಕೆ. ಹಿತ್ತಲು ಸಮತಟ್ಟು, ಬೂದಿ ಅಲ್ಲೇ ಉಳಿಯುತ್ತದೆ. ಇಳಿಜಾರಿನಲ್ಲಿ ಉಳಿಯುವುದಿಲ್ಲ. ಮುಂಗಾರಿಗೆ ಮುಂಚಿನ ಅಡ್ಡಮಳೆಯೊಂದು ಸಾಕು, ಬೂದಿಯೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಎಲೆಯಾಗಿ ಬಿದ್ದು, ಕೊಳೆತು, ನಿಧಾನವಾಗಿ ಮಣ್ಣಿಗೆ ಸೇರಬೇಕಿದ್ದ ಕ್ಯಾಲ್ಸಿಯಂ ಒಂದೇ ದಿನದಲ್ಲಿ ಗುಡ್ಡ ಬಿಟ್ಟು ಹೋಗುತ್ತದೆ. ವರ್ಷಕ್ಕೊಮ್ಮೆ ಹೀಗೆ ಸೋರಿದರೆ ನೆತ್ತಿಯ ನೆಲ ಬಡವಾಗುತ್ತಲೇ ಇರುತ್ತದೆ.

ಹೀಗೆ ಕ್ಯಾಲ್ಸಿಯಂ ಕಳೆದುಕೊಂಡ ಕಾಡಿನ ಕತೆ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹಬ್ಬರ್ಡ್ ಬ್ರೂಕ್‌ನಲ್ಲಿ ಚೆನ್ನಾಗಿ ದಾಖಲಾಗಿದೆ. ಅಲ್ಲಿ ಕಾರಣ ಆಮ್ಲಮಳೆ. 1960ರ ದಶಕದಲ್ಲಿ ಜೀನ್ ಲೈಕೆನ್ಸ್ ಮತ್ತು ಸಂಗಡಿಗರು ಆ ಬೆಟ್ಟದ ಮಳೆನೀರು ಅಸಹಜವಾಗಿ ಹುಳಿಯಾಗಿರುವುದನ್ನು ಕಂಡರು. ದಶಕಗಳ ಆ ಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದು, ಅಲ್ಲಿಯ ಸಕ್ಕರೆ ಮೇಪಲ್ ಮರಗಳು ಸೊರಗಿದವು. 1999ರಲ್ಲಿ ಹೆಲಿಕಾಪ್ಟರಿನಿಂದ ಒಂದು ಪುಟ್ಟ ಜಲಾನಯನದ ಮೇಲೆ ಕ್ಯಾಲ್ಸಿಯಂ ಇರುವ ಕಲ್ಲಿನ ಪುಡಿಯನ್ನು ಎರಚಿದರು. ಮುಂದಿನ ವರ್ಷಗಳಲ್ಲಿ ಆ ತುಂಡಿನ ಮೇಪಲ್‌ಗಳು ಚೇತರಿಸಿಕೊಂಡವು. ಕಳೆದದ್ದನ್ನು ಮರಳಿ ತರಬಹುದು ಎಂಬುದು ಇದರ ಒಂದು ಅರ್ಥ. ಒಂದು ಸಣ್ಣ ಕಣಿವೆಗೆ ಹೆಲಿಕಾಪ್ಟರ್ ಬೇಕಾಯಿತು ಎಂಬುದನ್ನೂ ಮರೆಯಬಾರದು.

ಮರಗಳೂ ಮಣ್ಣನ್ನು ಬದಲಿಸುತ್ತವೆ. ಪೋಲೆಂಡಿನಲ್ಲಿ ಒಂದೇ ಬಗೆಯ ನೆಲದಲ್ಲಿ 14 ಜಾತಿಯ ಮರಗಳನ್ನು ಬೇರೆ ಬೇರೆ ಮಡಿಗಳಾಗಿ ಬೆಳೆಸಿ, ಸುಮಾರು ಮೂರು ದಶಕಗಳ ನಂತರ ಮಣ್ಣನ್ನು ನೋಡಿದರು. ಉದುರಿದ ಎಲೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ ಮರಗಳ ಕೆಳಗೆ ಎರೆಹುಳು ತುಂಬಿದ್ದವು, ಹುಳಿ ಕಡಿಮೆಯಿತ್ತು. ಉಳಿದವುಗಳ ಕೆಳಗೆ ನೆಲ ಹುಳಿಯಾಗಿತ್ತು. ನಮ್ಮ ಜಿಲ್ಲೆಗಳಲ್ಲಿ ಬರಡು ನೆಲ ಎಂದು ಹಣೆಪಟ್ಟಿ ಹಚ್ಚಿ ನೀಲಗಿರಿ, ಅಕೇಶಿಯಾ ನೆಟ್ಟ ಸಾವಿರಾರು ಎಕರೆಗಳಿವೆ. ಕೃಷ್ಣಮೃಗಗಳಿಗೆಂದು ಮೀಸಲಾದ ರಾಣೆಬೆನ್ನೂರಿನ ವನ್ಯಧಾಮದೊಳಗೂ ನೀಲಗಿರಿ ತೋಪುಗಳಿವೆ. ಹುಲ್ಲುಗಾವಲಿನ ಮಣ್ಣಿನ ಮೇಲೆ ಒಂದೇ ಜಾತಿಯ ಎಲೆ ದಶಕಗಟ್ಟಲೆ ಬಿದ್ದರೆ ಅದು ಆ ಮಣ್ಣಿಗೆ ಒಂದೇ ಅಡುಗೆಯನ್ನು ಮೂರು ಹೊತ್ತೂ ಬಡಿಸಿದಂತೆ. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆಗ ಮಾತೆಲ್ಲ ಅಂತರ್ಜಲದ ಸುತ್ತಲೇ ನಡೆಯಿತು, ಮಣ್ಣಿನ ಸ್ವಭಾವದ ವಿಷಯ ಹಿಂದೆ ಉಳಿಯಿತು.

ಸಸಿ ನೆಡುವ ಉತ್ಸಾಹಿಗಳಿಗೂ ಒಂದು ಮಾತು ಹೇಳಲೇಬೇಕು. ಕೆರೆಯ ಹೂಳು ತಂದು ಗುಡ್ಡದ ಗುಂಡಿಗೆ ತುಂಬಿ ಸಸಿ ಇಟ್ಟರೆ ಬೇಗ ಹಿಡಿಯುತ್ತದೆ, ಫೋಟೋಗೂ ಚೆನ್ನ. ಎರೆ ನಾಡಿನ ಕೆರೆಯ ಹೂಳಿನಲ್ಲಿ ಸುಣ್ಣವಿದೆ. ಹುಳಿಗೆ ಒಗ್ಗಿದ ಮೂಲಿಕೆಯ ನೆಲಕ್ಕೆ ಅದನ್ನು ಸುರಿದರೆ ಆ ಮೂಲಿಕೆಯ ಮನೆಗೆ ನಾವೇ ಬೀಗ ಹಾಕಿದಂತಾಗುತ್ತದೆ. ಹುಲ್ಲು ಮತ್ತು ಪೊದೆ ಇರುವ ಇಳಿಜಾರು ಖಾಲಿ ಜಾಗವಲ್ಲ.

ಗಣಿಯ ವಿಷಯಕ್ಕೆ ಬಂದರೆ, ಅಲ್ಲಿ ನಷ್ಟದ ಬಗೆಯೇ ಬೇರೆ. ಕಪ್ಪತಗುಡ್ಡ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು, 2016ರಲ್ಲಿ ಆ ಮಾನ್ಯತೆ ಹೋಯಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು, 2017ರಲ್ಲಿ ಅದು ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಧಾಮವೆಂದು ಘೋಷಣೆಯಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ, ಹಿಂದಿನ ವರ್ಷವೇ ಲಿಂಗೈಕ್ಯರಾಗಿದ್ದರು. ಗಡಿ ಗಟ್ಟಿಯಾದರೂ ನೆಲದಡಿಯ ಅದಿರಿನ ಮೇಲಿನ ಕಣ್ಣು ಹೋಗಿಲ್ಲ.

ಇಂಥ ಬೆಣಚಿನ ಎಳೆಗಳಲ್ಲಿ ಚಿನ್ನದ ಜೊತೆಗೆ ಗಂಧಕ ಬೆರೆತ ಕಬ್ಬಿಣದ ಖನಿಜವೂ ಇರುತ್ತದೆ. ನೆಲದೊಳಗೆ ಗಾಳಿ ತಾಗದೆ ಮಲಗಿರುವವರೆಗೆ ಅದು ಸಾಧು. ಅಗೆದು ಮೇಲೆ ರಾಶಿ ಹಾಕಿದ ದಿನ ಗಾಳಿ, ನೀರು ಎರಡೂ ತಾಗಿ ಗಂಧಕಾಮ್ಲ ಹುಟ್ಟಲು ತೊಡಗುತ್ತದೆ, ಗಣಿ ಮುಚ್ಚಿದ ಮೇಲೂ ನಿಲ್ಲುವುದಿಲ್ಲ. ಅದು ಮಳೆಯ ಹುಳಿಯಂತೆ ಮೆಲ್ಲನೆಯದಲ್ಲ. ರಸಸಾರವನ್ನು 3–4ಕ್ಕೆ ಇಳಿಸಬಲ್ಲದು, ಜೊತೆಗೆ ಲೋಹಗಳನ್ನು ಕರಗಿಸಿಕೊಂಡು ಹರಿಯಬಲ್ಲದು. ಹುಳಿಗೆ ಒಗ್ಗಿದ ಗಿಡಕ್ಕೂ ಆ ಹುಳಿಯಲ್ಲಿ ಜಾಗವಿಲ್ಲ. ಗಣಿ ಮುಗಿದ ಮೇಲೆ ಮೇಲ್ಮಣ್ಣು ಹರಡಿ ಕಾಡು ಬೆಳೆಸಿಕೊಡುತ್ತೇವೆ ಎಂಬ ಭರವಸೆ ಕಾಗದದಲ್ಲಿ ಯಾವಾಗಲೂ ಇರುತ್ತದೆ. ನೆತ್ತಿಯ, ಪಕ್ಕೆಯ, ಬುಡದ ಮಣ್ಣನ್ನೆಲ್ಲ ಒಂದೇ ರಾಶಿಯಾಗಿ ಕಲಸಿ ಮತ್ತೆ ಹರಡಿದರೆ ಬರುವುದು ಯಾವ ಕಾಡು? ಕೌದಿಯನ್ನು ಹಿಂಜಿ ಅರಳೆ ಮಾಡಿದ ಮೇಲೆ ಅದೇ ಕೌದಿ ಸಿಗುವುದಿಲ್ಲ.

ಹಾಗಾಗಿ ಕೇಳುವುದು ಒಂದೇ: ಗುಡ್ಡದ ಮಣ್ಣಿನ ನಕ್ಷೆಯೊಂದು ಸಿದ್ಧವಾಗಿ ಜನರ ಕೈಗೆ ಸಿಗಲಿ. ಹೊಲಗಳಿಗೆ 2015ರಿಂದ ಮಣ್ಣು ಆರೋಗ್ಯ ಚೀಟಿ ಇದೆ, ಅದರಲ್ಲಿ ರಸಸಾರದ ಕಾಲಂ ಇದೆ. ಕಾಡಿನ ಮಣ್ಣಿಗೂ ಅಷ್ಟೇ ಗೌರವ ಸಲ್ಲಬೇಕು. ಇದು ದುಬಾರಿ ಕೆಲಸವಲ್ಲ. ನೆರಳಿನಲ್ಲಿ ಒಣಗಿಸಿ ಜರಡಿ ಹಿಡಿದ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಭಟ್ಟಿ ಇಳಿಸಿದ ನೀರು, ಅರ್ಧ ಗಂಟೆ ಆಗಾಗ ಕಲಕುವುದು, ಮೀಟರ್ ಅದ್ದಿ ಓದುವುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ವಿಜ್ಞಾನಿಗಳಿದ್ದಾರೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನಿಗಳಿದ್ದಾರೆ, ಗುಡ್ಡದ ನೆರಳಿನಲ್ಲೇ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವಿದೆ. ಗಿಡದ ಹೆಸರು ಹೇಳಬಲ್ಲ ನಾಟಿ ವೈದ್ಯರು, ಕುರಿಗಾಹಿಗಳು ಹಳ್ಳಿಹಳ್ಳಿಯಲ್ಲಿದ್ದಾರೆ.

ಬುಡದಿಂದ ನೆತ್ತಿಗೆ ಗೆರೆ ಎಳೆದು, ಪ್ರತಿ 50 ಮೀಟರ್ ಏರಿಗೆ ಹತ್ತು ಮೀಟರ್ ಚೌಕದ ಒಂದು ಗುರುತು. ಮಳೆಗಾಲ ಮುಗಿಯುವ ಹೊತ್ತಿಗೆ, ಮೂಲಿಕೆಗಳೆಲ್ಲ ಹೂವಿನಲ್ಲಿರುವಾಗ, ಆ ಚೌಕದೊಳಗಿನ ಪ್ರತಿ ಗಿಡದ ಹೆಸರು. ಅದೇ ಚೌಕದಿಂದ, ಮೇಲಿನ ಎಲೆಕಸ ಸರಿಸಿ, ಗೇಣುದ್ದ ಆಳದವರೆಗಿನ ಒಂದು ಚೀಲ ಮಣ್ಣು. ಹುತ್ತದ ಬುಡದ್ದು ಬೇರೆ ಚೀಲ, ಕಳೆದ ಬೇಸಿಗೆಯಲ್ಲಿ ಸುಟ್ಟ ಜಾಗದ್ದು ಬೇರೆ ಚೀಲ. ಸಸಿ ನೆಡುವವರು ಗುಂಡಿ ತೋಡುವ ಮೊದಲು ಆ ಪಟ್ಟಿಯನ್ನು ನೋಡಲಿ, ಗಣಿಯ ಅರ್ಜಿ ಪರಿಶೀಲಿಸುವವರ ಮೇಜಿನ ಮೇಲೂ ಅದರ ಒಂದು ಪ್ರತಿ ಇರಲಿ.